ಬೊಡ್ರಾಯಿ ನೆಟ್ಟ ಮಂಗಳವಾರ

ನಮ್ಮ ಊರಿಗೆ ನನಗಿಂತ ವಯಸ್ಸು ಕಡಿಮೆ. ನಾನು ಹುಟ್ಟಿದಾಗ ಅಲ್ಲಿ ಊರು ಎಂಬುದೇ ಇರಲಿಲ್ಲ. ರಾಯಲ್ಪಾಡಿನಿಂದ ಪೂರ್ವಕ್ಕೆ ನಡೆದುಕೊಂಡು ಹೋದರೆ ಒಂದು ಹಳ್ಳ ಸಿಗುತ್ತಿತ್ತು. ಹಳ್ಳದ ಈಚೆ ಮೈಸೂರು ಮಹಾರಾಜರ ಸೀಮೆ, ಆಚೆ ಇಂಗ್ಲಿಷರ ಮದರಾಸು ಸೀಮೆ. ಈಚೆ ದಡದಲ್ಲಿ ಜಾಲಿ, ಬಂದರೆ ಗಿಡ, ಎಮ್ಮೆ ಮಲಗಿದ ಹಾಗೆ ಬಿದ್ದಿದ್ದ ಕಲ್ಲುಗುಂಡುಗಳು. ಕಾಡು ಕಡಿದು ಉತ್ತು ತೋರಿಸಿದವರಿಗೆ ಆ ನೆಲ ಸಿಗುತ್ತದೆ ಎಂದು ಯಾರೋ ಹೇಳಿದರು. ಹನ್ನೊಂದು ಮನೆಯವರು ಗಾಡಿ ಕಟ್ಟಿದರು. ಮುಳಬಾಗಿಲು ಕಡೆಯಿಂದ ನಾವು, ಮಾಲೂರು ಕಡೆಯಿಂದ ಮೂರು ಮನೆ, ನರಸಾಪುರದ ಹತ್ತಿರದಿಂದ ಎರಡು, ಉಳಿದವರು ಶ್ರೀನಿವಾಸಪುರದ ಸುತ್ತಮುತ್ತಲಿನವರು. ಈಗಿನವರು ಇದನ್ನು ಧೈರ್ಯ ಎಂದು ಹೊಗಳುತ್ತಾರೆ. ಧೈರ್ಯವೂ ಅಲ್ಲ, ಏನೂ ಅಲ್ಲ. ಇದ್ದ ಊರಿನಲ್ಲಿ ಉಳಲು ಗೇಣು ನೆಲ ಇದ್ದವರು ಯಾರೂ ಅಲ್ಲಿಗೆ ಬರಲಿಲ್ಲ.

ಆಗ ನನಗೆ ನಾಲ್ಕೋ ಐದೋ. ಮೊದಲ ಮಳೆಗಾಲ ಗಾಡಿಯ ಕೆಳಗೇ ಮಲಗಿದೆವು. ಅಪ್ಪ ಹಾರೆ ಹಾಕಿ ಕಲ್ಲು ಮೀಟುತ್ತಿದ್ದ, ಅಮ್ಮ ಮಂಕರಿಯಲ್ಲಿ ಹೊತ್ತು ಬದುವಿಗೆ ಸುರಿಯುತ್ತಿದ್ದಳು. ಮೂರು ವರ್ಷ ಅದೇ ಕೆಲಸ. ಮೂರನೇ ವರ್ಷಕ್ಕೆ ರಾಗಿ ಕೈಗೆ ಹತ್ತಿತು. ನಾಲ್ಕನೇ ವರ್ಷ ಅಪ್ಪ ಚಳಿಜ್ವರ ಬಂದು ಎಂಟು ದಿನಕ್ಕೆ ಸತ್ತ. ಬದುವಿನಲ್ಲಿ ಕಲ್ಲಂತೂ ಸಾಕಷ್ಟಿತ್ತು, ಅವನ ಮಣ್ಣಿನ ಮೇಲೆ ಇಡಲು ದೂರದಿಂದ ತರಬೇಕಾಗಿರಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ಮುಳಬಾಗಿಲಿಗೆ ವಾಪಸು ಹೋಗುತ್ತಾಳೆ ಎಂದು ಎಲ್ಲರೂ ಎಣಿಸಿದ್ದರು. ಅವಳು ಹೋಗಲಿಲ್ಲ. ಹೆಂಗಸು ನೇಗಿಲು ಮುಟ್ಟಬಾರದು. ಅದಕ್ಕೆ ಮುಯ್ಯಾಳಿನ ಲೆಕ್ಕ ಹಿಡಿದಳು. ಅವಳು ಎರಡು ದಿನ ಒಬ್ಬರ ಹೊಲದಲ್ಲಿ ಕಳೆ ಕೀಳುವುದು, ಅವರು ಒಂದು ದಿನ ನಮ್ಮ ಹೊಲ ಉತ್ತುಕೊಡುವುದು. ಹೀಗೆ ವರ್ಷವಿಡೀ ಹನ್ನೊಂದು ಮನೆಯ ಹೊಲದಲ್ಲೂ ಗೇದಳು. ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ, ಯಾರು ಎಷ್ಟು ಕಡಿದರು, ಯಾರು ಬರೀ ಬೆಂಕಿ ಹಚ್ಚಿ ಕೈ ಬಿಟ್ಟರು, ಎಲ್ಲ ಅವಳ ಸೊಂಟಕ್ಕೆ ಗೊತ್ತಿತ್ತು.

ಆದರೆ ನಾವಿದ್ದದ್ದು ಸರ್ಕಾರದ ಕಣ್ಣಿಗೆ ಊರಲ್ಲ. ಒಂದೂವರೆ ಮೈಲಿ ದೂರದಲ್ಲಿ ಹಳೆಯ ದೊಡ್ಡ ಊರೊಂದಿತ್ತು. ನಾವು ಅದರ ಮಜರೆ, ಎಂದರೆ ಅದಕ್ಕೆ ಅಂಟಿದ ಬಾಲ. ಪಟೇಲರು ಅಲ್ಲಿ, ಹೊಲಗಳ ಪುಸ್ತಕ ಬರೆಯುವ ಶಾನುಭೋಗರು ಅಲ್ಲಿ, ದೇವರೂ ಅಲ್ಲೇ. ನಮ್ಮಲ್ಲಿ ಮದುವೆಯಾದರೆ ಅವರಿಗೆ ಮೊದಲು ವೀಳ್ಯ ಕೊಟ್ಟು ಬರಬೇಕು. ಸತ್ತರೆ ಅವರಿಗೆ ಹೇಳಿ ಬರುವವರೆಗೆ ಹೆಣ ಎತ್ತುವಂತಿಲ್ಲ. ಶಾನುಭೋಗರು ವರ್ಷಕ್ಕೊಮ್ಮೆ ಪಟೇಲರ ಜಗಲಿಯ ಮೇಲೆ ಕೂತು ನಮ್ಮ ಹೊಲಗಳನ್ನು ಬರೆಯುತ್ತಿದ್ದರು. ಹತ್ತು ಮನೆಯ ಹೊಲ ಗಂಡಸರ ಹೆಸರಿನಲ್ಲಿ ಸಾಗುವಳಿ ಎಂದು ಬರೆದರು. ನಮ್ಮದನ್ನು ಮಾತ್ರ ಬೀಳು ಎಂದು ಬರೆದರು. ಉಳುವ ಗಂಡಸಿಲ್ಲ, ಆದ್ದರಿಂದ ಬೀಳು. ಬೀಳು ಎಂದರೆ ಸರ್ಕಾರ ಯಾರಿಗೆ ಬೇಕಾದರೂ ಕೊಟ್ಟುಬಿಡಬಹುದಾದ ನೆಲ. ಅಮ್ಮ ರಾಗಿತೆನೆ ಕಿತ್ತುಕೊಂಡು ಹೋಗಿ ಜಗಲಿಯ ಮೇಲಿಟ್ಟಳು. "ಬೀಳು ಹೊಲದಲ್ಲಿ ಇದು ಹೆಂಗೆ ಬೆಳೀತು ಸ್ವಾಮಿ?" ಎಂದು ಕೇಳಿದಳು. ಅವರು ತೆನೆಯನ್ನು ಆಚೆ ಸರಿಸಿ ಪುಟ ತಿರುಗಿಸಿದರು. ನಮ್ಮ ಹೊಲ ಹಳ್ಳದ ಪಕ್ಕದಲ್ಲಿತ್ತು, ಬೇಸಿಗೆಯಲ್ಲೂ ಅಗೆದರೆ ನೀರು. ಪಟೇಲರ ಅಳಿಯನಿಗೆ ಅದರ ಮೇಲೆ ಕಣ್ಣು ಎಂಬುದನ್ನು ಯಾರೂ ಮುಚ್ಚಿಡಲಿಲ್ಲ.

ನನ್ನನ್ನು ಹದಿನಾಲ್ಕಕ್ಕೆ ಹಳ್ಳದ ಆಚೆ ಕೊಟ್ಟರು. ಎರಡು ಮೈಲಿ, ಆದರೆ ಬೇರೆ ಸೀಮೆ. ಮಾತು ತೆಲುಗು, ಪಡಿಯ ಅಳತೆ ಬೇರೆ, ಪೊಲೀಸರ ಟೋಪಿ ಬೇರೆ. ಅಮ್ಮನ ಹೊಲದ ಸುದ್ದಿ ನಮ್ಮತ್ತೆಗೂ ಮುಟ್ಟಿತ್ತು. "ಹೊಲ ಹೋದ್ರೆ ನಿಮ್ಮಮ್ಮ ಇಲ್ಲಿಗೇ ಬರ್ಬೇಕಲ್ಲ. ಬರ್ಲಿ ಬಿಡು. ದನದ ಕೊಟ್ಟಿಗೇಲಿ ಒಂದು ಮೂಲೆ ಖಾಲಿ ಐತೆ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಮಟ್ಟಿಗೆ ಅದು ಉಪಕಾರವೇ. ಅಮ್ಮನಿಗೆ ಈ ಮಾತು ನಾನು ಹೇಳಲಿಲ್ಲ. ಯಾರೋ ಹೇಳಿದರು.

ಸ್ವಾತಂತ್ರ್ಯ ಮೊದಲು ಬಂದದ್ದು ನಮ್ಮತ್ತೆಯ ಮನೆಯ ಕಡೆಗೆ. ಶಾಲೆಯ ಮುಂದೆ ಬಾವುಟ ಹಾರಿಸಿದರು, ಎಲ್ಲರ ಕೈಗೂ ಒಂದೊಂದು ಹಿಡಿ ಬೂಂದಿ ಹಾಕಿದರು. ಅದಾದ ಮೂರನೇ ದಿನ ಹಳ್ಳದಲ್ಲಿ ಬಟ್ಟೆ ಒಗೆಯುವಾಗ ಆಚೆ ದಡದಲ್ಲಿ ಅಮ್ಮ ಸಿಕ್ಕಿದಳು.

"ನಿಮ್ಮ ಕಡೆ ಬಂತಂತಲ್ಲೇ. ಏನು ಕೊಟ್ರು?"

"ಬೂಂದಿ."

"ಅಷ್ಟೇನಾ? ನಮ್ಮ ಕಡೆ ಇನ್ನೂ ರಾಜರೇ ಅವ್ರೆ ಕಣೇ. ಬೂಂದೀನೂ ಇಲ್ಲ."

ಅದು ನಿಜ. ಹಳ್ಳದ ಒಂದು ದಡಕ್ಕೆ ಸ್ವಾತಂತ್ರ್ಯ ಬಂದು ಇನ್ನೊಂದು ದಡಕ್ಕೆ ಬರದೆ ನಿಂತಿತ್ತು. ಮೈಸೂರಿನಲ್ಲಿ ಜನರ ಸರ್ಕಾರ ಬೇಕು ಎಂದು ಶ್ರೀನಿವಾಸಪುರದಲ್ಲಿ ಮೆರವಣಿಗೆ ಆಯಿತು. ದೊಡ್ಡ ಊರಿನ ಕೆಲವು ಹುಡುಗರು ಕೂಗಿ ಬಂದು, ಪೊಲೀಸರಿಗೆ ಹೆದರಿ ಹಳ್ಳ ದಾಟಿ ನಮ್ಮತ್ತೆಯ ಊರಿನ ಹುಲ್ಲಿನ ಬಣವೆಗಳಲ್ಲಿ ಅವಿತುಕೊಂಡರು. ಅವರಿಗೆ ನಾನೇ ಮುದ್ದೆ ಕಟ್ಟಿ ಹಾಕಿದ್ದೇನೆ. ಎರಡು ತಿಂಗಳ ಮೇಲೆ ಮಹಾರಾಜರು ಒಪ್ಪಿದರು. ಜವಾಬ್ದಾರಿ ಸರ್ಕಾರ ಎಂದರು. ಕಾಡಂಚಿನ ಮಜರೆಗಳನ್ನು ಜಗಲಿಯ ಮೇಲೆ ಕೂತು ಬರೆಯಬಾರದು, ಕಾಲಲ್ಲಿ ಹೋಗಿ ಕಣ್ಣಲ್ಲಿ ನೋಡಿ ಬರೆಯಬೇಕು ಎಂದು ಮುಂದಿನ ಬೇಸಿಗೆಯಲ್ಲಿ ಸುದ್ದಿ ಬಂತು. ಮೇಲಿನ ಕಂದಾಯದ ಸಾಹೇಬರು, ಶೇಕದಾರರು ಎನ್ನುತ್ತಿದ್ದೆವು, ಅವರೇ ಬರುತ್ತಾರೆ. ಊರು ಅನ್ನಿಸಿಕೊಳ್ಳಲು ತಕ್ಕದ್ದಿದ್ದರೆ ನಮ್ಮನ್ನು ಬೇರೆ ಊರಾಗಿ ಬರೆಯುತ್ತಾರೆ. ಅಮ್ಮ ಹಿಡಿದುಕೊಂಡದ್ದು ಇಷ್ಟೇ: ಆ ಮನುಷ್ಯ ತನ್ನ ಹೊಲದ ಮೇಲೆ ಕಾಲಿಟ್ಟರೆ ಬೀಳು ಎಂಬ ಮಾತು ಹೋಗುತ್ತದೆ, ಇಡದಿದ್ದರೆ ಹೊಲ ಹೋಗುತ್ತದೆ.

ಹನ್ನೊಂದು ಮನೆಯಲ್ಲಿ ಎಲ್ಲರಿಗಿಂತ ಹಿರಿಯನೊಬ್ಬನಿದ್ದ. ರಕ್ತಸಂಬಂಧವಿಲ್ಲದಿದ್ದರೂ ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದೆವು. ಅವನು ಗಂಡಸರನ್ನು ಸೇರಿಸಿ ಹೇಳಿದ: "ದೇಶಕ್ಕೇ ಬಂತು, ನಮಗೂ ಬೇಡ್ವಾ? ಬೊಡ್ರಾಯಿ ಇಲ್ದೆ ಯಾವ ಊರ್ಲಾ? ಅವ್ನು ಬರೋದ್ರೊಳಗೆ ಕಲ್ಲು ನೆಡ್ಬೇಕು."

ಬೊಡ್ರಾಯಿ ಎಂದರೆ ಊರ ನಡುವೆ ನೆಡುವ ಕಲ್ಲು, ಊರಿನ ಹೊಕ್ಕುಳು. ಅದು ನೆಟ್ಟರೆ ಊರು, ಇಲ್ಲದಿದ್ದರೆ ಬರೀ ಗುಡಿಸಲು. ದೊಡ್ಡಪ್ಪ ಗಾಡಿ ಕಟ್ಟಿಕೊಂಡು ಶಿವಾರಪಟ್ಟಣದವರೆಗೂ ಹೋದ. ಹೋಗಲು ಮೂರು ದಿನ, ಬರಲು ನಾಲ್ಕು. ಅಲ್ಲಿನ ಶಿಲ್ಪಿ ಯಾವ ದೇವರನ್ನು ಕೆತ್ತಲಿ ಎಂದು ಕೇಳಿದನಂತೆ. ದೇವರು ಬೇಡ, ಊರಿನ ಹೊಕ್ಕುಳು ಬೇಕು ಎಂದನಂತೆ ಇವನು. ಶಿಲ್ಪಿ ನಕ್ಕು, ಮೊಳಕಾಲೆತ್ತರದ ದುಂಡುಗಲ್ಲಿಗೆ ನಾಲ್ಕು ಸುತ್ತು ಉಳಿ ಹೊಡೆದು ಕೊಟ್ಟ.

ಶೇಕದಾರರು ಗುರುವಾರ ಬರುತ್ತಾರೆ ಎಂದು ತಿಳಿದಿತ್ತು. ಕಲ್ಲು ನೆಡುವುದನ್ನು ಮಂಗಳವಾರಕ್ಕೆ ಇಟ್ಟರು. ಅದಕ್ಕೊಂದು ಕಟ್ಟಳೆ ಇದೆ. ಊರಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ಬರಬೇಕು, ಒಬ್ಬೊಬ್ಬಳೂ ಒಂದು ಬಿಂದಿಗೆ ನೀರು ಕಲ್ಲಿಗೆ ಹುಯ್ಯಬೇಕು. ಊರ ಸುತ್ತ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗ ಕಟ್ಟುತ್ತಾರೆ. ಕಟ್ಟಿದ ಮೇಲೆ ಸೂರ್ಯ ಮುಳುಗುವವರೆಗೆ ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ದಾಟಿದರೆ ಕಟ್ಟು ಮುರಿಯಿತು, ಊರಿಗೆ ರೋಗ ನುಗ್ಗುತ್ತದೆ ಎಂಬ ಭಯ. ಅದರ ಹಿಂದಿನ ವರ್ಷ ಸಿಡುಬಿನಲ್ಲಿ ಮೂರು ಮಕ್ಕಳು ಹೋಗಿದ್ದವು. ಆದ್ದರಿಂದ ಆ ಭಯಕ್ಕೆ ನಾನು ನಗುವುದಿಲ್ಲ.

ಇನ್ನೊಂದು ಕಟ್ಟಳೆ, ಗಂಡ ಸತ್ತವಳು ಆ ದಿನ ಹಗ್ಗದ ಒಳಗಿರಬಾರದು. ಹನ್ನೊಂದು ಮನೆಯಲ್ಲಿ ಅಂಥವಳು ನಮ್ಮಮ್ಮ ಒಬ್ಬಳೇ. ಕತ್ತಾಳೆ ನಾರಿನಲ್ಲಿ ಅಷ್ಟುದ್ದದ ಹಗ್ಗ ಹೊಸೆದುಕೊಟ್ಟವಳೂ ಅವಳೇ. ಹಗ್ಗಕ್ಕೆ ಮುಂಡೆಯ ಕೈ ಆಗುತ್ತದೆ, ಕಲ್ಲಿಗೆ ಆಗುವುದಿಲ್ಲ. ನನಗೆ ಸಿಟ್ಟು ಬಂತು. ಅಮ್ಮನಿಗೆ ಬರಲಿಲ್ಲ. ಹೊಲದ ಗುಡಿಸಲಿಗೆ ಎರಡು ಮೇಕೆ ಹೊಡೆದುಕೊಂಡು ಹೊರಟಳು. "ನೀರು ಸರಿಯಾಗಿ ಹುಯ್ಯೇ. ಪಕ್ಕದವಳ ಜೊತೆ ಹರಟ್ತಾ ನೆಲಕ್ಕೆ ಚೆಲ್ಬೇಡ," ಎಂದು ಹೇಳಿ ಹೋದಳು.

ಮಂಗಳವಾರ ಹೊತ್ತೇರಿದಾಗ ಗುಂಡಿ ತೋಡಿ ಮುಗಿದಿತ್ತು, ತಮಟೆ ಬಡಿಯುತ್ತಿತ್ತು. ನಾವು ಹೆಣ್ಣುಮಕ್ಕಳು ಬಿಂದಿಗೆ ಹಿಡಿದು ಸಾಲಾಗಿ ನಿಂತಿದ್ದೆವು. ಆಗ ದಾರಿಯಲ್ಲಿ ತಟ್ಟುಕುದುರೆಯ ಮೇಲೆ ಒಬ್ಬರು ಬಂದರು, ಹಿಂದೆ ಶಾನುಭೋಗರು, ಅವರ ಹಿಂದೆ ಎದೆಗೆ ಡವಾಲಿ ಪಟ್ಟಿ ಹಾಕಿದ ಜವಾನ, ದಲಾಯತ. ಶೇಕದಾರರು ಎರಡು ದಿನ ಮೊದಲೇ ಬಂದಿದ್ದರು. ಇದು ಪಟೇಲರ ಕೈವಾಡ ಎಂದು ನಮ್ಮ ಗಂಡಸರು ಆಮೇಲೆ ವರ್ಷಗಟ್ಟಲೆ ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಹಿಂದಿನ ಮಜರೆಯ ಕೆಲಸ ಬೇಗ ಮುಗಿದಿತ್ತು, ಕುದುರೆ ಇದ್ದವರು ಬೇಗ ಬಂದರು.

ದೊಡ್ಡಪ್ಪ ಹಗ್ಗದ ಹತ್ತಿರ ಓಡಿ ಕೈಮುಗಿದ. "ಒಳಗೆ ಬರಂಗಿಲ್ಲ ಸ್ವಾಮಿ."

"ನಾನ್ಯಾರು ಗೊತ್ತೇನಯ್ಯ?"

"ಗೊತ್ತು ಸ್ವಾಮಿ. ಹೊತ್ತು ಮುಳುಗೋಗಂಟ ಯಾರೂ ಬರಂಗಿಲ್ಲ."

"ನಾನು ಸರ್ಕಾರ ಕಣಯ್ಯ!"

"ಸರ್ಕಾರನೂ ನಾಳೆ ಬರ್ಬೌದು ಸ್ವಾಮಿ. ಆ ಹುಣಸೆ ಮರದ ನೆರಳು ಚೆನ್ನಾಗೈತೆ, ಕುಂತ್ಕಳಿ."

ದಲಾಯತ ನಕ್ಕುಬಿಟ್ಟ. ಶೇಕದಾರರು ನಗಲಿಲ್ಲ. ಬೇರೆ ಊರಾಗಿ ಬರೆಸಿಕೊಳ್ಳಬೇಕೆಂದು ಕಲ್ಲು ತಂದವರು, ಬರೆಯಲು ಬಂದವರನ್ನೇ ಹೊರಗೆ ನಿಲ್ಲಿಸಿದ್ದರು. ಬನ್ನಿ ಎಂದರೆ ಊರಿಗೆ ರೋಗ, ಬರಬೇಡಿ ಎಂದರೆ ಊರೇ ಇಲ್ಲ. ದೊಡ್ಡಪ್ಪ ಬೆವರು ಒರೆಸಿಕೊಳ್ಳುತ್ತ, ಕಲ್ಲು ನೆಡಿಸಲು ಕರೆಸಿದ್ದ ಪೂಜಾರಿಯ ಮುಖ ನೋಡಿದ, ಪೂಜಾರಿ ಗುಂಡಿಯನ್ನು ನೋಡಿದ.

"ನೋಡಿದ್ರಾ ಸ್ವಾಮಿ? ಇವರಿಗೆ ಊರು ಬೇರೆ ಬೇಕಂತೆ," ಎಂದರು ಶಾನುಭೋಗರು.

"ಇಲ್ಲಿ ಊರಿಲ್ಲ ಅಂತ ಬರ್ಕೊಂಡು ಹೋಗ್ತೀನಿ," ಎಂದು ಶೇಕದಾರರು ಕುದುರೆ ತಿರುಗಿಸಿದರು.

ಅಷ್ಟರಲ್ಲಿ ಹೊಲದ ಕಡೆಯಿಂದ ಅಮ್ಮ ಕುಡುಗೋಲು ಹಿಡಿದೇ ಬಂದಳು. ಸೆರಗು ತಲೆಯ ಮೇಲೆ, ಕಾಲು ಮೊಣಕಾಲಿನವರೆಗೆ ಮಣ್ಣು. "ನೀರು ಕುಡೀರಿ ಸ್ವಾಮಿ, ಬಿಸಿಲು," ಎಂದು ಗಡಿಗೆ ಇಟ್ಟಳು. ಅವರು ಕುಡಿದರು. ಕುಡಿದು ಮುಗಿಸುವುದಕ್ಕೂ ಬಿಡದೆ ಹೇಳಿದಳು, "ಇಲ್ಲಿ ಹನ್ನೊಂದು ಮನೆ ಐತೆ. ಅವ್ರು ಒಳಗವ್ರೆ, ನಾನು ಹೊರಗಿದೀನಿ. ಏನು ಕೇಳ್ಬೇಕೋ ನನ್ನ ಕೇಳಿ. ಮೊದಲು ಇದು ನನ್ನ ಹೊಲ, ಬಂದು ನೋಡಿ."

ಶಾನುಭೋಗರು ನಡುವೆ ಬಂದರು. "ಸ್ವಾಮಿ, ಹೆಂಗಸು. ಗಂಡನೂ ಇಲ್ಲ. ಇವಳ ಮಾತು ಬರ್ಕೊಳ್ಳೋದಾ?"

"ಗಂಡಸರು ಹಗ್ಗದೊಳಗೆ ಇದಾರಲ್ರೀ. ಇನ್ಯಾರನ್ನ ಕೇಳ್ಲಿ, ಮೇಕೇನಾ?" ಎಂದು ಶೇಕದಾರರು ಕುದುರೆಯಿಂದ ಇಳಿದರು.

ಅಮ್ಮ ತನ್ನ ಹೊಲ ತೋರಿಸಿದಳು. ಬದುವಿನ ಕಲ್ಲಿನ ರಾಶಿ ತೋರಿಸಿದಳು. ಆಮೇಲೆ ಹಗ್ಗದ ಹೊರಗೆ ಊರು ಸುತ್ತಿಸಿ ಒಬ್ಬೊಬ್ಬರ ಹೊಲ ಹೇಳುತ್ತ ನಡೆದಳು. ಒಳಗೆ ತಮಟೆ ನಿಂತಿತು. ಗಂಡಸರೆಲ್ಲ ಕಲ್ಲು ಬಿಟ್ಟು ಹಗ್ಗದ ಒಳಮಗ್ಗುಲಲ್ಲಿ ಅವಳ ಜೊತೆಜೊತೆಗೇ ನಡೆದರು, ನಾನೂ ಬಿಂದಿಗೆ ಹಿಡಿದೇ ನಡೆದೆ.

"ಅಕ್ಕಾ, ನಂದು ಆ ಹೊಂಗೆ ಮರದವರ್ಗೂ ಅನ್ನು!" ಎಂದು ಮಾಲೂರು ಕಡೆಯವನೊಬ್ಬ ಕೂಗಿದ.

"ಹೊಂಗೆ ಮರ ಎಲ್ಲಿ, ನೀನೆಲ್ಲಿ? ನೀನು ಅಗ್ದಿರೋದು ಹುತ್ತದವರ್ಗೆ. ಹುತ್ತದವರ್ಗೇ ಹೇಳ್ತೀನಿ."

"ಒಂದು ಮಾತು ಅಂದ್ರೆ ನಿನ್ನ ಗಂಟೇನು ಹೋಗ್ತದೆ?"

"ನಿನ್ನ ಹೊಲದಲ್ಲಿ ಕಳೆ ಕಿತ್ತೋಳು ನಾನು ಕಣ್ಲಾ. ಬಾಯ್ಮುಚ್ಕೊಂಡು ನಡಿ."

ದಲಾಯತ ಹಗ್ಗದ ಮೇಲಿಂದ ಕತ್ತು ಚಾಚಿ ಸೂರು ಎಣಿಸಿದ. ಹನ್ನೊಂದು ಸರಿಯಾಯಿತು. ಶೇಕದಾರರು ಎಲ್ಲವನ್ನೂ ಗುರುತು ಹಾಕಿಕೊಂಡು ಸುತ್ತಿ ಬಂದು ಮತ್ತೆ ಅಮ್ಮನ ಹೊಲದಲ್ಲಿ ನಿಂತರು. "ಪುಸ್ತಕದಲ್ಲಿ ಇದು ಬೀಳು ಅಂತಿದೆಯಲ್ಲಮ್ಮ," ಎಂದರು. "ಕಣ್ಣಿಗೆ ಸಾಗುವಳಿ ಕಾಣ್ತಾ ಇದೆ. ಹೆಂಗಸಿನ ಹೆಸರಿಗೆ ಬರೆಯೋಕೆ ಕಾನೂನೇನೂ ಅಡ್ಡ ಇಲ್ಲ. ಆದ್ರೆ ಪುಸ್ತಕ ತಿದ್ದಬೇಕಾದ್ರೆ ಇವಳೇ ಗೇಯ್ತಿರೋದು ಅಂತ ಸಾಕ್ಷಿ ಬೇಕು. ಹೊಲದ ಮೇಲೆ ನಿಂತು ಹೆಬ್ಬೆಟ್ಟು ಹಾಕ್ಬೇಕು. ಯಾರು ಬರ್ತೀರಿ?"

ಹಗ್ಗದ ಒಳಗೆ ಹತ್ತು ಮನೆಯ ಗಂಡಸರಿದ್ದರು. ಆಗತಾನೇ ತಮ್ಮ ತಮ್ಮ ಹೊಲ ಅವಳ ಬಾಯಿಂದ ಹೇಳಿಸಿಕೊಂಡವರು. ಒಬ್ಬನೂ ಮುಂದೆ ಬರಲಿಲ್ಲ.

"ನಾಳೆ ಹಾಕ್ತೀವಿ ಸ್ವಾಮಿ," ಎಂದ ದೊಡ್ಡಪ್ಪ.

"ನಾಳೆ ನಾನು ರಾಯಲ್ಪಾಡಿನಲ್ಲಿರ್ತೀನಿ, ನಾಡಿದ್ದು ಮುಳಬಾಗಿಲು. ಮತ್ತೆ ಈ ಕಡೆ ಬರೋದು ಯಾವಾಗಲೋ."

"ಹಗ್ಗದಿಂದ ಕೈ ಮಾತ್ರ ಆಚೆ ಹಾಕಿದ್ರೆ ಆಗಲ್ವಾ?" ಎಂದು ಯಾರೋ ಕೇಳಿದರು. ಅದಕ್ಕೊಂದು ಚರ್ಚೆ ಎದ್ದಿತು. ಕೈ ದಾಟಿದರೂ ಆಳು ದಾಟಿದಂತೆಯೇ ಎಂದ ಪೂಜಾರಿ. ಬೆರಳು? ಎಂದು ಇನ್ನೊಬ್ಬ. ಅಮ್ಮ ಯಾರ ಮುಖವನ್ನೂ ನೋಡದೆ ನಿಂತಿದ್ದಳು. ಬನ್ನಿ ಎಂದು ಬಾಯಿಬಿಟ್ಟು ಕೇಳಲಿಲ್ಲ.

ನಾನು ಹಗ್ಗ ಎತ್ತಿ ಕೆಳಗಿನಿಂದ ನುಸುಳಿ ಆಚೆ ಬಂದೆ. ಬಿಂದಿಗೆ ಕೈಯಲ್ಲೇ ಇತ್ತು. ಹಿಂದಿನಿಂದ ಒಂದೇ ಸಲ ಹತ್ತು ಬಾಯಿ ಕೂಗಿದವು. ದೊಡ್ಡ ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೊಟ್ಟಿಗೆಯ ಮೂಲೆ ಕಣ್ಣೆದುರಿಗೆ ಬಂತು, ಅಷ್ಟೆ.

ಅಮ್ಮ ನನ್ನನ್ನು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ಪಾಪಿ, ಕಟ್ಟು ಮುರಿದ್ಯಲ್ಲೇ! ನಿನ್ನ ಯಾರು ಕರೆದ್ರು? ಮಕ್ಕಳಿರೋ ಊರು ಕಣೇ!"

"ಬೈಯೋದು ಆಮೇಲೆ ಬೈಯಿ. ಹೆಬ್ಬೆಟ್ಟು ಎಲ್ಲಿ ಹಾಕ್ಬೇಕು ಸ್ವಾಮಿ?"

ಶಾನುಭೋಗರು ಪುಸ್ತಕ ಮುಚ್ಚಿದರು. "ಇವಳು ಇಲ್ಲಿಯವಳಲ್ಲ ಸ್ವಾಮಿ. ಹಳ್ಳದ ಆಚೆ ಮದರಾಸು ಸೀಮೆಗೆ ಕೊಟ್ಟಿದಾರೆ. ಆಚೆ ಸೀಮೆಯವಳ ಸಾಕ್ಷಿ ಮೈಸೂರಲ್ಲಿ ಹೆಂಗೆ ನಡೆಯುತ್ತೆ?"

ಶೇಕದಾರರು ಹಳ್ಳದ ಕಡೆ ನೋಡಿದರು. ಅಲ್ಲಿ ನೀರೂ ಇರಲಿಲ್ಲ, ಬೇಸಿಗೆ. "ಯಾವ ಆಚೆ ಸೀಮೆ ರೀ?" ಎಂದರು. "ಎಲ್ಲ ಒಂದೇ ದೇಶ ಅಂತ ಮೊನ್ನೆ ಬಾವುಟ ಹಾರಿಸಿದಾಗ ನೀವೂ ಪಕ್ಕದಲ್ಲೇ ನಿಂತು ಜೈ ಅಂದ್ರಲ್ಲ. ಹಿಡೀರಿ ಪುಸ್ತಕ."

ಶಾನುಭೋಗರು ಪುಸ್ತಕ ಹಿಡಿದರು. ನಾನು ಬೆಳೆದ ಹೊಲ, ವರ್ಷಾವರ್ಷ ಅಮ್ಮ ಗೇದದ್ದನ್ನು ಕಂಡಿದ್ದೇನೆ ಎಂದು ಹೇಳಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು ಒತ್ತಿದೆ. ಪಕ್ಕದಲ್ಲಿ ಅಮ್ಮ ಒತ್ತಿದಳು. ಅವರು ಕುದುರೆ ಹತ್ತಿ ಹೋದರು.

ಒಳಗೆ ಜಗಳ ಹತ್ತಿತು. ಕಟ್ಟು ಮುರಿಯಿತು, ಕಲ್ಲು ನೆಡಬಾರದು ಎಂದು ಅರ್ಧ ಜನ. ಕೊನೆಗೆ ಪೂಜಾರಿಯೇ ದಾರಿ ಹುಡುಕಿದ. ಮದುವೆಯಾಗಿ ಹೋದವಳು ಊರವಳಲ್ಲ, ನೆಂಟಳು. ನೆಂಟಳು ಎದ್ದುಹೋದರೆ ಕಟ್ಟು ಮುರಿಯುವುದಿಲ್ಲ, ಆದರೆ ಹೊತ್ತು ಮುಳುಗುವವರೆಗೆ ಅವಳು ಒಳಗೆ ಬರಬಾರದು. ಸಾಕ್ಷಿಗೆ ನಾನು ಊರವಳು, ಕಲ್ಲಿಗೆ ನೆಂಟಳು. ಎರಡು ಕಡೆಗೂ ಅನುಕೂಲವಾಯಿತು, ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ಅಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ತನ್ನನ್ನು ಹೊರಗೆ ಹಾಕಿದ್ದವರ ಕಲ್ಲಿನ ಮೇಲೆ ಅವಳಿಗಿದ್ದ ಭಕ್ತಿ ಒಳಗಿದ್ದ ಯಾರಿಗೂ ಇರಲಿಲ್ಲ. ಗುಡಿಸಲಿನ ನೆರಳಲ್ಲಿ ಬೆನ್ನು ತಿರುಗಿಸಿ ಕೂತಳು. ತಮಟೆಯ ಸದ್ದು ಏರಿತು. ಹೆಣ್ಣುಮಕ್ಕಳು ನೀರು ಹುಯ್ಯುತ್ತಿದ್ದಾರೆ ಎಂದು ತಿಳಿಯಿತು.

"ನಿನ್ನ ಬಿಂದಿಗೆ ನೀರು ಇಲ್ಲೇ ಹುಯ್ಯಿ, ಆ ಕಡೆ ತಿರುಗಿ. ಮುಟ್ತದೆ," ಎಂದಳು ಅಮ್ಮ.

ಅಷ್ಟು ಹೊತ್ತಿಗೆ ಬಾಯಾರಿ ನಾನು ಕುಡಿದುಬಿಟ್ಟಿದ್ದೆ. ಅದಕ್ಕೆ ಇನ್ನೊಂದು ಸಲ ಬೈದಳು. ಆಮೇಲೆ ಮುದ್ದೆ ಬಿಚ್ಚಿ ಎರಡು ಪಾಲು ಮಾಡಿದಳು, ಅದರಿಂದ ಸಿಟ್ಟು ಇಳಿದಿದೆ ಎಂದು ಗೊತ್ತಾಯಿತು. ಹೊತ್ತು ಮುಳುಗಿ ಹಗ್ಗ ಬಿಚ್ಚಿದ ಮೇಲೆ ಇಬ್ಬರೂ ಒಳಗೆ ಹೋಗಿ ಕಲ್ಲು ನೋಡಿದೆವು. ಸ್ವಲ್ಪ ವಾಲಿತ್ತು. ಈಗಲೂ ವಾಲಿಯೇ ಇದೆ. ನಾನು ದಾಟಿದ್ದರಿಂದ ಹಾಗಾಯಿತು ಎನ್ನುವವರಿದ್ದರು. ಗಂಡಸರೆಲ್ಲ ಗುಂಡಿ ಬಿಟ್ಟು ಹಗ್ಗದ ಹಿಂದೆ ಓಡಿದರಲ್ಲ, ಮಣ್ಣು ಬಿಗಿಯಾಗಿ ಕೂರಲಿಲ್ಲ ಎಂದು ನಾನು ಹೇಳುತ್ತೇನೆ.

ಮುಂದಿನ ವರ್ಷ ಬೇರೆ ಊರಾಗಿ ಬರೆದ ಕಾಗದ ಬಂತು. ದೊಡ್ಡ ಊರಿನ ಚಾವಡಿಯಲ್ಲಿ ಕರೆಸಿ ಓದಿದರು. ಶೇಕದಾರರು ಸುತ್ತಿದ ಕ್ರಮದಲ್ಲೇ ಬರೆದಿದ್ದರು. ಮೊದಲನೆಯದು ನಮ್ಮಮ್ಮನ ಹೊಲ, ಅವಳ ಹೆಸರಿನಲ್ಲಿ, ಸಾಗುವಳಿ. ಊರಿನ ಮೊದಲ ಮನೆ ಮುಂಡೆಯದು ಎಂದು ಗಂಡಸರು ಗೊಣಗಿದರು. ದೊಡ್ಡಪ್ಪ ತಿದ್ದಿಸಲು ಶ್ರೀನಿವಾಸಪುರಕ್ಕೆ ಎರಡು ಸಲ ನಡೆದ. ತಿದ್ದಲಿಲ್ಲ.

"ಮೊದ್ಲು ಕಂಡೋಳು ನಾನು, ಮೊದ್ಲು ಬರೆದ್ರು. ಅದ್ರಲ್ಲೇನೈತೆ?" ಎನ್ನುತ್ತಿದ್ದಳು ಅಮ್ಮ. ಅಂದಿನಿಂದ ನಮ್ಮ ಊರಿನ ಪುಸ್ತಕ ತೆಗೆದಾಗಲೆಲ್ಲ ಮೊದಲು ಅವಳ ಹೆಸರು ಕೂಗಬೇಕು, ಅವಳು ಹೆಬ್ಬೆಟ್ಟು ಒತ್ತಿದ ಮೇಲೆಯೇ ಉಳಿದವರದು. ಕರೆಯಲು ಬಂದವನಿಗೆ, "ಬರ್ತೀನಿ, ನಡಿ," ಎಂದು ಹೇಳಿ, ಅವಳು ಹಾಲು ಕರೆದು, ಕಸ ಗುಡಿಸಿ, ಮೇಕೆಗಳಿಗೆ ಸೊಪ್ಪು ಹಾಕಿ ಹೋಗುತ್ತಿದ್ದಳು. ಅಲ್ಲಿಯವರೆಗೆ ಹತ್ತು ಮನೆಯ ಗಂಡಸರು ಚಾವಡಿಯ ಮೆಟ್ಟಿಲ ಮೇಲೆ ಕಾದು ಕೂತಿರುತ್ತಿದ್ದರು.